ಇಪ್ಪತ್ತೊಂದನೇ ಸೈಟಿನ ತಡಮೆ

ನಾನು ಪ್ಲಾನ್ ಹಾಕುವವಳು. ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹತ್ತಿರ, ಔಷಧಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನನ್ನದೊಂದು ಪುಟ್ಟ ಆಫೀಸು. ಮನೆ ಕಟ್ಟುವವರು, ಹೊಲವನ್ನು ಸೈಟು ಮಾಡಿ ಮಾರುವವರು ಮೆಟ್ಟಿಲು ಹತ್ತಿ ಬರುತ್ತಾರೆ, ನಾನು ಗೆರೆ ಎಳೆದು ಕೊಡುತ್ತೇನೆ. ಸಿವಿಲ್ ಡಿಪ್ಲೊಮಾ ಮುಗಿಸಿ ಸೊರಬದ ಕಡೆಯಿಂದ ಈ ಊರಿಗೆ ಸೊಸೆಯಾಗಿ ಬಂದಾಗ, "ಹೆಣ್ಣುಮಗಳು ಟೇಪು ಹಿಡ್ಕೊಂಡು ಹೊಲ ಸುತ್ತೋದು ಏನು ಚೆಂದ್ರಿ" ಎಂದವರೇ ಆಮೇಲೆ ನನ್ನೆದುರು ಕುರ್ಚಿ ಎಳೆದುಕೊಂಡು ಕೂತರು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಅದು ನನಗೂ ಗೊತ್ತು, ಗಿರಾಕಿಗಳಿಗೂ ಗೊತ್ತು. ಆದರೂ ಬರುತ್ತಿದ್ದರು, ಯಾಕೆಂದರೆ ನನ್ನ ಗೆರೆ ತಪ್ಪುವುದಿಲ್ಲ ಎಂಬ ಹೆಸರಿತ್ತು. ಈಗ ಹೇಳಹೊರಟಿರುವುದು ಆ ಗೆರೆ ತಪ್ಪಿದ ಸಂಗತಿ.

ನಮ್ಮ ಕಸುಬಿನಲ್ಲಿ ಎರಡು ರೂಢಿಗಳಿವೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರೂ ಪಾಲಿಸುತ್ತಾರೆ. ಬಡಾವಣೆಯಲ್ಲಿ ಪಾರ್ಕಿಗೆಂದು ಜಾಗ ಬಿಡಬೇಕು ಎಂದು ಕಾನೂನಿದೆ. ಬಿಡುತ್ತೇವೆ. ಮಳೆಗಾಲದಲ್ಲಿ ನೀರು ನಿಲ್ಲುವ ತಗ್ಗಿನ ಮೂಲೆ ಯಾವುದು ಎಂದು ಹುಡುಕಿ, ಅಲ್ಲಿಗೆ ಹಸಿರು ಬಣ್ಣ ತುಂಬಿ ಪಾರ್ಕು ಎಂದು ಬರೆಯುತ್ತೇವೆ. ಒಣ ಜಾಗ ಸೈಟಿಗೆ, ಕೆಸರು ಮಕ್ಕಳಿಗೆ. ಎರಡನೆಯದು ವಾಸ್ತುವಿನ ರೂಢಿ. ಯಾವ ಸೈಟಿನ ಮುಖಕ್ಕೂ ರಸ್ತೆ ನೇರವಾಗಿ ಬಂದು ಹೊಡೆಯಬಾರದು. ಹಾಗೆ ಹೊಡೆದರೆ ಆ ಸೈಟನ್ನು ಪುಕ್ಕಟೆ ಕೊಟ್ಟರೂ ನಮ್ಮ ಜನ ಮುಟ್ಟುವುದಿಲ್ಲ. ಒಂದೇ ಒಂದು ಸೈಟಿಗೂ ರಸ್ತೆ ಹೊಡೆಯದಂತೆ ಬಡಾವಣೆ ಬಿಡಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನೇ ಬೀಗುತ್ತಿದ್ದೆ.

ಅಂಜನಾಪುರದ ಕಡೆ ಹೋಗುವ ರಸ್ತೆಯ ಪಕ್ಕದ ಒಂದು ಮೆಕ್ಕೆಜೋಳದ ಹೊಲವನ್ನು ಬಡಾವಣೆ ಮಾಡುವ ಕೆಲಸ ನನಗೆ ಬಂತು. ಹೊಲದ ಹಿಂದೆ ಸ್ವಲ್ಪ ಬಯಲು, ಬಯಲಿನಾಚೆ ಕುರಿ ಸಾಕುವವರ ಹಟ್ಟಿ. ಇಪ್ಪತ್ತು ಇಪ್ಪತ್ತೈದು ಮನೆ. ಅಳತೆಗೆ ಹೋದ ದಿನ ನಾನು ಟೇಪಿನ ಒಂದು ತುದಿ ಹಿಡಿದು ನಿಂತಿದ್ದಾಗ, ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತ ಹುಡುಗಿಯೊಬ್ಬಳು ಹೊಲದ ನಡುವಿನ ಓರೆ ಕಾಲುದಾರಿಯಲ್ಲಿ ಬಂದು ಟೇಪಿನ ಮುಂದೆ ನಿಂತಳು. ಕೈತುಂಬ ಹಸಿರು ಬಳೆ. ಹಟ್ಟಿಗೆ ಹೊಸದಾಗಿ ಬಂದ ಸೊಸೆ ಎಂದು ನೋಡಿದರೇ ತಿಳಿಯುತ್ತಿತ್ತು. ನಾನು ಟೇಪು ಇಳಿಸಲಿಲ್ಲ. ಅವಳೇ ಹೊರೆಸಮೇತ ಬಗ್ಗಿ ದಾಟಿದಳು. ದಾಟಿದವಳು ತಿರುಗಿ ಕೇಳಿದಳು.

"ಅಕ್ಕಾರೆ, ಸೈಟು ಮಾಡಿದ ಮ್ಯಾಲೂ ಈ ದಾರಿ ಇರ್ತದಲ್ರಿ?"

"ಇರ್ತದೆ, ಹೋಗು" ಎಂದೆ. ಬಿಸಿಲು ನೆತ್ತಿ ಸುಡುತ್ತಿತ್ತು, ಅವಳು ಮುಂದೆ ಹೋದರೆ ಸಾಕಿತ್ತು ನನಗೆ.

ಆಫೀಸಿಗೆ ಬಂದು ಸರ್ವೆ ನಕಾಶೆ ತೆಗೆದು ನೋಡಿದೆ. ಆ ಕಾಲುದಾರಿ ಅದರಲ್ಲಿ ಇರಲಿಲ್ಲ. ಪಹಣಿಯಲ್ಲೂ ಅದರ ಸುದ್ದಿಯಿಲ್ಲ. ಎಷ್ಟೋ ತಲೆಮಾರಿನ ಜನ ನಡೆದು ನಡೆದು ಹುಲ್ಲು ಬೆಳೆಯದಂತೆ ಮಾಡಿದ ದಾರಿ ಕಾಗದದ ಮೇಲೆ ಇಲ್ಲವೆಂದರೆ ನಮ್ಮ ಪಾಲಿಗೆ ಇಲ್ಲ. ಉಳಿಸಬಹುದಿತ್ತು, ಸುಳ್ಳೇಕೆ ಹೇಳಲಿ. ಒಂದು ಸಣ್ಣ ಅಡ್ಡರಸ್ತೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಆ ಓರೆ ದಾರಿ ಮುಂದಿನ ಸಾಲಿನ ಸೈಟುಗಳ ಮುಖಕ್ಕೆ ನೇರವಾಗಿ ಹೊಡೆಯುತ್ತಿತ್ತು. ದಾರಿ ಒಳಗೆ ಬರುವ ಬಾಯಿಯಲ್ಲೇ ಇಪ್ಪತ್ತೊಂದನೇ ಸೈಟು ಕೂರಿಸಿದೆ. ಹಿಂದೆ ಉದ್ದಕ್ಕೂ ಗೋಡೆ ಎಂದು ದಪ್ಪ ಗೆರೆ ಎಳೆದೆ, ಕೆಳಗೆ ಸಹಿ ಹಾಕಿದೆ. ಹೊಲದ ಮಾಲೀಕರು, "ಒಂದು ಸೈಟೂ ವೇಸ್ಟಾಗದಂಗೆ ಮಾಡಿದೀರಿ ಮೇಡಂ" ಎಂದು ಹೊಗಳಿದರು.

ಕೊನೆಗೆ ಆ ಇಪ್ಪತ್ತೊಂದನೇ ಸೈಟನ್ನು ನಾವೇ ಕೊಂಡೆವು. ರಸ್ತೆ ಬದಿಯ ಸಾಲಿನಲ್ಲಿ ಕೊನೆಯದು, ವಾಹನದ ಗದ್ದಲವಿಲ್ಲ, ಪೇಟೆಯ ಧೂಳಿಲ್ಲ. ಪೇಂಟಿನ ಅಂಗಡಿ ಇಟ್ಟಿರುವ ನಮ್ಮ ಮನೆಯವರು ತಾವೇ ಬಣ್ಣ ಆರಿಸಿದರು, ನಾನೇ ಪ್ಲಾನ್ ಹಾಕಿದೆ, ಮನೆ ಎದ್ದು ನಿಂತಿತು. ಅತ್ತೆಯನ್ನು ಕರೆದುಕೊಂಡು ಪೇಟೆಯ ಹಳೇ ಮನೆ ಬಿಟ್ಟು ಬಂದೆವು.

ಬಂದ ಮೇಲೆ ಗೊತ್ತಾಯಿತು, ಪೇಟೆಯಲ್ಲಿ ಏನೇನು ಬಿಟ್ಟು ಬಂದೆವು ಎಂದು. ಅಲ್ಲಿ ಓಣಿ ಇಕ್ಕಟ್ಟು, ನಿಜ. ಆದರೆ ಅತ್ತೆ ಕಟ್ಟೆಯ ಮೇಲೆ ಕೂತರೆ ಹೂ ಮಾರುವವಳು, ಗಿರಣಿಯವನು, ಶಾಲೆ ಬಿಟ್ಟ ಮಕ್ಕಳು, ಎಲ್ಲರೂ ಎದುರಿಗೇ ಹಾದುಹೋಗುತ್ತಿದ್ದರು. ದಿನಕ್ಕೆ ಹತ್ತು ಸಲ ಎದ್ದು ಎಲ್ಲಿಗಾದರೂ ನಡೆಯುತ್ತಿದ್ದರು. ಇಲ್ಲಿ ಕಟ್ಟೆಯಿಲ್ಲ. ಇರುವುದು ಕಾಂಪೌಂಡು, ಗೇಟು, ಗೇಟಿಗೊಂದು ನಾಯಿಯ ಬೋರ್ಡು. ಒಂದು ಪಾವು ಉಪ್ಪು ಬೇಕೆಂದರೂ ಸ್ಕೂಟರ್ ತೆಗೆಯಬೇಕು. ನಾನು ಹಸಿರು ಬಣ್ಣ ತುಂಬಿದ ಪಾರ್ಕಿನಲ್ಲಿ ಸೊಳ್ಳೆಗಳು ವಾಕಿಂಗ್ ಮಾಡುತ್ತಿದ್ದವು. ಅತ್ತೆಗೆ ಶುಗರ್ ಏರಿತು. ಡಾಕ್ಟರು, "ದಿನಾ ನಡೀರಿ ಅಮ್ಮಾ" ಎಂದರು. "ನಡದು ಎಲ್ಲಿಗೆ ಹೋಗ್ಲಿ?" ಎಂದು ಅತ್ತೆ ನನ್ನ ಮುಖ ನೋಡಿದರು. ಬಡಾವಣೆಯ ಗೆರೆ ಎಳೆದವಳು ನಾನೇ, ಅದಕ್ಕೇ ರೇಗಿದೆ.

ಒಂದು ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಿದ್ದೆ. ಅತ್ತೆ ಮಹಡಿಯ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದರು. "ಏ, ಹಿತ್ತಲ ಗೋಡಿ ಯಾರೋ ಹತ್ತಾಕ್ಹತ್ಯಾರೆ ನೋಡು" ಎಂದು ಅಲ್ಲಿಂದಲೇ ಕರೆದರು. ನನ್ನ ಪಿತ್ತ ನೆತ್ತಿಗೇರಿತು. ಹಿಂದಿನ ವಾರವಷ್ಟೇ ಹಿತ್ತಲಿನಿಂದ ತಾಮ್ರದ ಚೆಂಬು ಹೋಗಿತ್ತು. "ಯಾರದು? ಇಳಿ ಕೆಳಗೆ" ಎಂದು ಬಯ್ಯುತ್ತಲೇ ಓಡಿದೆ.

ಗೋಡೆಯ ಮೇಲೆ ಒಂದು ಕಾಲು ಈಚೆ, ಒಂದು ಕಾಲು ಆಚೆ ಇಟ್ಟು ಹೆಂಗಸೊಬ್ಬಳು ಕೂತಿದ್ದಳು. ಆಚೆ ಕಲ್ಲು ಪೇರಿಸಿ ಹತ್ತಿದ್ದಳು. ಈಚೆ ನಾವು ಮನೆ ಕಟ್ಟಿ ಮಿಕ್ಕ ಇಟ್ಟಿಗೆಯ ರಾಶಿಯ ಮೇಲೆ ಕಾಲೂರಲು ನೋಡುತ್ತಿದ್ದಳು. ಒಂದು ಕೈ ಗೋಡೆಯ ಮೇಲೆ, ಇನ್ನೊಂದು ಕೈ ಹೊಟ್ಟೆಯ ಮೇಲೆ. ಏಳು ತಿಂಗಳ ಹೊಟ್ಟೆ.

 ಹತ್ತಿರ ಹೋಗಿ ರಟ್ಟೆ ಹಿಡಿದು ಇಳಿಸಿದೆ. ಇಳಿಸಿದ ಮೇಲೆ ಮತ್ತೆ ಸಿಟ್ಟು ಬಂತು.

"ಬಿದ್ದಿದ್ರೆ ಏನು ಗತಿ? ಬಸುರಿ ಹೆಂಗಸು ಗೋಡೆ ಹತ್ತೋದಾ?"

"ಬೈಬ್ಯಾಡ್ರಿ ಅಕ್ಕಾರೆ. ಅಂಗನವಾಡಿಗೆ ಊಟಕ್ಕೆ ಹೊಂಟೀನಿ."

ನಮ್ಮ ಬಡಾವಣೆಯ ಮುಂದೆ, ಬಸ್ಸು ನಿಲ್ಲುವ ಕಡೆ ಅಂಗನವಾಡಿ ಇದೆ. ಬಸುರಿಯರಿಗೆ ಮಧ್ಯಾಹ್ನ ಅಲ್ಲಿ ಬಿಸಿಯೂಟ, ಮೊಟ್ಟೆ, ಶೇಂಗಾ ಚಿಕ್ಕಿ, ರಕ್ತದ ಮಾತ್ರೆ. ಅಲ್ಲೇ ಕೂತು ಉಣ್ಣಬೇಕು.

"ಅದಕ್ಕೆ ನನ್ನ ಹಿತ್ತಲೇ ಬೇಕಿತ್ತಾ? ಸುತ್ತಿ ಬಂದ್ರೆ ಮೇನ್ ರೋಡಿಲ್ವಾ?"

"ಒಂದಿವ್ಸ ಹಂಗೇ ಹೋದೆ. ಮೆಕ್ಕೆಜೋಳದ ಲಾರಿ ಬಗಲಾಗೇ ಹೋಗ್ತಾವ್ರಿ, ನಿಲ್ಲಾಕೆ ಜಾಗಿಲ್ಲ. ಬಿಸಿಲಿಗೆ ತಲಿ ತಿರುಗಿ ಕುಂತುಬಿಟ್ಟೆ. ಆಮ್ಯಾಲೆ ಒಂದು ತಿಂಗಳು ಹೋಗ್ಲೇ ಇಲ್ಲ. ಈಗ ಡಾಕ್ಟ್ರು ರಕ್ತ ಭಾಳ ಕಡಿಮಿ ಐತೆ, ಊಟ ಬಿಟ್ರೆ ಹೆರಿಗಿಗೆ ಕಷ್ಟ ಅಂದಾರೆ." ಸೀರೆಯ ಧೂಳು ಕೊಡವಿಕೊಂಡು, ದೂರುವ ದನಿಯೇ ಇಲ್ಲದೆ ಹೇಳಿದಳು. "ದಾರಿ ಇಲ್ಲೇ ಇತ್ತಲ್ರಿ. ಇರ್ತದೆ ಅಂದಿದ್ರಿ ನೀವು."

ಆಗ ಗುರುತು ಸಿಕ್ಕಿತು. ಹಸಿರು ಬಳೆಯ ಆ ಹುಡುಗಿ. ಮೂರು ವರ್ಷದಲ್ಲಿ ಮುಖ ಬತ್ತಿತ್ತು, ಕಣ್ಣಿನ ಕೆಳಗೆ ಬಿಳಿಚಿಕೊಂಡಿತ್ತು. ನಾನು ಬಾಯಿಗೆ ಬಂದಂತೆ ಹೇಳಿದ ಎರಡು ಮಾತನ್ನು ಅವಳು ಅಷ್ಟು ದಿನ ನೆನಪಿಟ್ಟುಕೊಂಡಿದ್ದಳು. ನಾಚಿಕೆಯಾಯಿತು. ಜೀವನದಲ್ಲಿ ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಅಂದು ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಅಂಗನವಾಡಿಗೆ ಬಿಟ್ಟೆ. ಆದರೆ ದಿನಾ ಯಾರು ಬಿಡುತ್ತಾರೆ? ನಾನು ಮಧ್ಯಾಹ್ನ ಮನೆಗೆ ಬರುವುದೇ ಅಪರೂಪ. ಅತ್ತೆ ಒಂದೆರಡು ದಿನ, "ನಮ್ಮನ್ಯಾಗೇ ಉಣ್ಣು ಬಾ" ಎಂದು ಕರೆದರು. ಅವಳು ಸಂಕೋಚದಿಂದ ಒಪ್ಪಲಿಲ್ಲ. ಗೋಡೆ ಹತ್ತಬೇಡ ಎಂದು ಅತ್ತೆ ಆಣೆ ಹಾಕಿಸಿಕೊಂಡಿದ್ದರು, ಹಾಗಾಗಿ ಊಟವೂ ನಿಂತಿತು. ಹೆರಿಗೆಗೆ ಇನ್ನೆರಡು ತಿಂಗಳಿತ್ತು.

ಭಾನುವಾರ ಬಡಾವಣೆಯ ಸಂಘದ ಸಭೆ. ಹಿಂದಿನ ಗೋಡೆಯಲ್ಲಿ ಜನ ದಾಟುವಷ್ಟು ಜಾಗ ಒಡೆಯೋಣ ಎಂದು ಕೇಳಿದೆ. ಸಂಘದ ಅಧ್ಯಕ್ಷರು ರಿಟೈರಾದ ಮೇಷ್ಟರು, ಮೃದುವಾಗಿ ಮಾತಾಡುವವರು. ಸಭೆ ಸೇರಿದ್ದು ಅವರ ಮನೆಯಲ್ಲೇ.

"ಇವತ್ತು ಜನ ಬರ್ತಾರೆ, ನಾಳೆ ಕುರಿ ಬರ್ತಾವೆ ಮೇಡಂ" ಎಂದರು.

"ಕುರಿ ಬಂದ್ರೆ ಏನಾಯ್ತು, ನಿಮ್ಮನ್ನ ತಿಂತಾವಾ?"

"ನೀವು ಸಿಟ್ಟಾಗಬ್ಯಾಡ್ರಿ. ಎಲ್ಲಾರೂ ಕಾಂಪೌಂಡ್ ಐತೆ, ಬಂದೋಬಸ್ತ್ ಐತೆ ಅಂತ್ಲೇ ಇಲ್ಲಿ ಸೈಟು ತಗಂಡಿದ್ದು." ಅವರು ಒಳಗೆ ಹೋಗಿ ಬಡಾವಣೆಯ ನಕಾಶೆಯ ಪ್ರತಿ ತಂದು ಟೀಪಾಯಿಯ ಮೇಲೆ ಹರಡಿದರು. "ಇದ್ರಾಗ ದಾರಿ ಎಲ್ಲೈತ್ರಿ? ತೋರಿಸ್ರಿ. ಸಹಿ ನಿಮ್ದೇ ಐತಲ್ಲ."

ಎಲ್ಲರೂ ಬಗ್ಗಿ ನನ್ನ ಸಹಿ ನೋಡಿದರು. ನಾನು ಚಹಾ ಕುಡಿಯದೆ ಎದ್ದು ಬಂದೆ.

ಅದೇ ವಾರ ಅಪ್ಪನ ವರ್ಷದ ಕಾರ್ಯಕ್ಕೆ ತವರಿಗೆ ಹೋಗಬೇಕಿತ್ತು. ಸೊರಬದಿಂದ ಉಳವಿಯ ಬಸ್ಸು ಹಿಡಿದು ಇಳಿದು, ಗದ್ದೆಯ ಅಂಚಿನಲ್ಲಿ ನಡೆದು ಬರುವಾಗ ವಿಚಿತ್ರವೊಂದು ಕಂಡಿತು. ನಮ್ಮ ಗದ್ದೆಗೂ ಪಕ್ಕದವರ ಗದ್ದೆಗೂ ನಡುವೆ ಬೇಲಿ. ಬೇಲಿಯಲ್ಲಿ ಒಂದು ತಡಮೆ. ಎರಡು ಗೂಟ ನೆಟ್ಟು ಮಾಡಿದ ಕಿರಿದಾದ ಸಂದು ಅದು. ಮೈ ಓರೆ ಮಾಡಿದರೆ ಮನುಷ್ಯ ತೂರಬಹುದು, ದನ ತೂರಲಾರದು. ನಮ್ಮ ಕಡೆ ಯಾರೇ ಬೇಲಿ ಹಾಕಲಿ, ಜನ ನಡೆಯುವ ಕಡೆ ತಡಮೆ ಬಿಟ್ಟೇ ಹಾಕುತ್ತಾರೆ. ನಾನು ಶಾಲೆಗೆ ಹೋಗಿ ಬಂದಿದ್ದೇ ಅದರಲ್ಲಿ ತೂರಿಕೊಂಡು. ಆ ದಿನ ಪಕ್ಕದ ಗದ್ದೆಯವರು ಗೆದ್ದಲು ತಿಂದ ಗೂಟ ಕಿತ್ತು ಹೊಸದು ನೆಡುತ್ತಿದ್ದರು. ನನ್ನ ಅಣ್ಣ ಈಚೆಯಿಂದ ಹಾರೆ ಕೊಡುತ್ತಿದ್ದ. ಇಬ್ಬರ ಬಾಯಲ್ಲೂ ಮಾತಿಲ್ಲ. ಬದುವಿನ ಜಗಳದಲ್ಲಿ ಆ ಎರಡು ಮನೆಗಳು ಮಾತು ಬಿಟ್ಟು ಎಷ್ಟೋ ವರ್ಷವಾಗಿದೆ.

ಮನೆಯ ಕಡೆ ನಡೆಯುತ್ತ ಅಣ್ಣನನ್ನು ಕೇಳಿದೆ. "ಏನೋ ಇದು, ರಾಜಿ ಆಯ್ತಾ?"

"ಎಂಥ ರಾಜಿ. ಕೇಸು ನಡೀತಾನೇ ಇದೆ. ಬರೋ ತಿಂಗಳು ವಾಯಿದೆ."

"ಮತ್ತೆ ಇಬ್ರೂ ಸೇರಿ ತಡಮೆ ಕಟ್ತಿದೀರಿ?"

"ನಂಗೂ ಅವಂಗೂ ಆಗಲ್ಲ ಅಂತ ಶಾಲೆ ಮಕ್ಕಳು ಸುತ್ತು ಹಾಕ್ಕೊಂಡು ಹೋಗ್ಬೇಕಾ ಮಾರಾಯ್ತಿ?" ಅಣ್ಣ ನನ್ನನ್ನು ಒಂಥರಾ ನೋಡಿದ. ಇಷ್ಟೂ ತಿಳಿಯದವಳು ಏನು ಓದಿದೆ ಎಂಬಂತಿತ್ತು ಆ ನೋಟ. ಅವನಿಗೆ ನಕಾಶೆ ಓದಲು ಬರುವುದಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ನಿದ್ದೆ ಹತ್ತಲಿಲ್ಲ. ಸೊರಬದಿಂದ ಶಿಕಾರಿಪುರ ಎಷ್ಟು ದೂರ ಮಹಾ. ಅಷ್ಟರಲ್ಲಿ ನಾನು ತಡಮೆ ಎಂಬ ಒಂದು ವಸ್ತುವನ್ನೇ ಮರೆತು ಬಂದಿದ್ದೆ. ಡಿಪ್ಲೊಮಾದಲ್ಲಿ ರಸ್ತೆಯ ಅಗಲ ಕಲಿಸಿದರು, ಚರಂಡಿಯ ಇಳಿಜಾರು ಕಲಿಸಿದರು, ಗೋಡೆಯ ದಪ್ಪ ಕಲಿಸಿದರು. ಬೇಲಿ ಹಾಕುವಾಗ ದಾಟುವವರ ನೆನಪಿರಲಿ ಎಂದು ಕಲಿಸಲಿಲ್ಲ. ಕಲಿಸಬೇಕಾಗಿಯೂ ಇರಲಿಲ್ಲ, ನಾನು ಹುಟ್ಟುತ್ತಲೇ ಕಂಡಿದ್ದೆ. ಬಸ್ಸು ಶಿರಾಳಕೊಪ್ಪ ದಾಟುವಷ್ಟರಲ್ಲಿ ಒಂದು ಹೊಳೆಯಿತು. ಇಪ್ಪತ್ತೊಂದನೇ ಸೈಟಿನ ಹಿಂದಿನ ಗೋಡೆ ನಿಂತಿರುವುದು ಸೈಟಿನ ಅಳತೆಯ ಒಳಗೆ. ನಾನೇ ಅಳೆದದ್ದು. ಅಂದರೆ ಆ ಗೋಡೆ ನಮ್ಮದು. ಮನೆಯ ಪಕ್ಕ ಐದಡಿ ಓಣಿ ಬಿಟ್ಟಿದ್ದೇವೆ. ಅಲ್ಲಿಂದ ಮುಂದಿನ ಗೇಟಿಗೆ, ಗೇಟಿನಿಂದ ರಸ್ತೆಗೆ. ರಸ್ತೆ ಸಾರ್ವಜನಿಕರದು ಎಂದು ಅದೇ ನಕಾಶೆಯಲ್ಲಿ ಬರೆದಿದೆ, ಕೆಳಗೆ ಅದೇ ನನ್ನ ಸಹಿ.

ಮನೆಯಲ್ಲಿ ವಿಷಯ ತೆಗೆದೆ. ನಮ್ಮ ಮನೆಯವರು ತುತ್ತು ಕೈಯಲ್ಲೇ ಹಿಡಿದು ಕೂತರು.

"ಅದು ನೈರುತ್ಯ ಮೂಲೆ ಕಣೆ. ನೈರುತ್ಯ ಯಾರಾದ್ರೂ ಒಡೀತಾರಾ? ಅಂಗಡಿ ಎದ್ದೋಗ್ತದೆ. ನೀನೇ ಎಲ್ಲಾರಿಗೂ ಅದನ್ನ ಹೇಳೋದು."

ನಿಜ, ನಾನೇ ಎಲ್ಲರಿಗೂ ಹೇಳುತ್ತಿದ್ದೆ. ನೈರುತ್ಯದಲ್ಲಿ ಬಾಗಿಲು ಬೇಡ, ಕಿಟಕಿಯೂ ಬೇಡ, ಭಾರ ಹೇರಿ ಮುಚ್ಚಿಬಿಡಿ ಎಂದು. ವಾಸ್ತು ಎಂದರೆ ಅತ್ತೆಗಂತೂ ದೇವರ ಮಾತು. ಹಾಗಾಗಿ ಅವರ ಕಡೆ ನೋಡುವ ಧೈರ್ಯವೂ ನನಗಿರಲಿಲ್ಲ. ಅತ್ತೆ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟರು.

"ನೈರುತ್ಯ ಒಡದ್ರೆ ಏನಾಗ್ತದೋ ನಂಗೊತ್ತಿಲ್ಲಪ್ಪ. ಬಸುರಿ ಗೋಡಿ ಮ್ಯಾಲಿಂದ ಬಿದ್ರೆ ಏನಾಗ್ತದಂತ ಗೊತ್ತೈತೆ. ನಾಳಿಗೆ ಗೌಂಡೀನ ಕರಸ್ರಿ."

ಗೌಂಡಿ ಬಂದ. ನಾನು ಹುರುಪಿನಿಂದ ಕಾಗದದ ಮೇಲೆ ಅಳತೆ ಹಾಕಿಕೊಟ್ಟೆ. ಒಂದೂಕಾಲು ಅಡಿಯ ಸಂದು, ಅದರ ಮುಂದೆ ಒಂದು ಮೋಟು ಅಡ್ಡಗೋಡೆ. ಮೈ ಓರೆ ಮಾಡಿ ತಿರುಗಿದರೆ ಮನುಷ್ಯ ದಾಟಬಹುದು, ಕುರಿಯ ಹಿಂಡು ನುಗ್ಗಲಾಗದು. ಥೇಟು ನಮ್ಮ ತವರಿನ ತಡಮೆ. ಮೇಷ್ಟರು ಬಂದು ನೋಡಿದರು. ರಸ್ತೆ ಯಾರದು ಎಂದು ನಕಾಶೆಯಲ್ಲಿ ಬೆರಳಿಟ್ಟು ತೋರಿಸಿದೆ. ತಲೆ ಕೆರೆದುಕೊಂಡು, "ಕುರಿ ಬರಬಾರ್ದು ನೋಡ್ರಿ ಮತ್ತ" ಎಂದಷ್ಟೇ ಹೇಳಿ ಹೋದರು. ಎರಡು ದಿನದಲ್ಲಿ ಕೆಲಸ ಮುಗಿಯಿತು. ಹಟ್ಟಿಯಿಂದ ಅವಳನ್ನು ಕರೆಸಿದೆ. ಏನೋ ದೊಡ್ಡ ಉಪಕಾರ ಮಾಡಿದವಳ ಹಾಗೆ ಸೊಂಟದ ಮೇಲೆ ಕೈಯಿಟ್ಟು ಈಚೆ ನಿಂತುಕೊಂಡೆ.

ಅವಳು ಸಂದಿನ ಮುಂದೆ ಬಂದಳು. ನೆಟ್ಟಗೆ ಬರಲಾಗದು ಎಂದು ಕಂಡು ಮೈ ಓರೆ ಮಾಡಿದಳು. ಒಂದು ಭುಜ ಒಳಗೆ ಬಂತು, ಕಾಲು ಬಂತು. ಹೊಟ್ಟೆ ಬರಲಿಲ್ಲ. ಉಸಿರು ಎಳೆದುಕೊಂಡಳು, ಈ ಕಡೆ ತಿರುಗಿ ನೋಡಿದಳು, ಆ ಕಡೆ ತಿರುಗಿ ನೋಡಿದಳು. ಸಿಮೆಂಟು ಹೊಟ್ಟೆಗೆ ತರಚುತ್ತಿತ್ತು. ಹಿಂದೆ ಸರಿದು ನಿಂತಳು. ಆಗಲೂ ಅವಳಿಗೆ ನನ್ನ ಮೇಲೆ ಸಿಟ್ಟು ಬರಲಿಲ್ಲ.

"ಇರ್ಲಿ ಬಿಡ್ರಿ ಅಕ್ಕಾರೆ. ಹಡದ ಮ್ಯಾಲೆ ಬರ್ತೀನಿ."

 ಯಾರಿಗಾಗಿ ಗೋಡೆ ಒಡೆದೆನೋ ಅವಳೊಬ್ಬಳು ಬಿಟ್ಟು ಊರಿನವರೆಲ್ಲ ದಾಟಬಹುದಾದ ಸಂದು ಮಾಡಿದ್ದೆ. ಕುರಿಯ ಅಳತೆ ಯೋಚಿಸಿದ್ದೆ, ಮೇಷ್ಟರ ಮರ್ಜಿ ಯೋಚಿಸಿದ್ದೆ, ಶಾಲೆಗೆ ಹೋಗುತ್ತಿದ್ದ ನನ್ನ ಸಣ್ಣ ಮೈಯನ್ನೂ ನೆನೆದಿದ್ದೆ. ಹಟ್ಟಿ ಇದ್ದದ್ದು ಕೂಗಳತೆಯಲ್ಲಿ. ಹೋಗಿ ಒಂದು ಮಾತು ಕೇಳಿರಲಿಲ್ಲ.

ಗೌಂಡಿ ಉಳಿ ಕೈಗೆತ್ತಿಕೊಂಡು, "ಎಷ್ಟು ಅಗಲ ಮಾಡ್ಲಿ ಮೇಡಂ?" ಎಂದ.

"ನನ್ನ ಕೇಳಬೇಡ. ಅವಳನ್ನ ಕೇಳು."

ಅವಳು ಸಂಕೋಚಪಟ್ಟು ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಸಂದನ್ನೊಮ್ಮೆ ನೋಡಿ ಹೇಳಿದಳು.

"ತಲಿ ಮ್ಯಾಲೆ ಹೊರೆ, ಬಗಲಾಗ ಕೂಸು. ಓರೆ ಆಗ್ಲಾರ್ದೆ ನೆಟ್ಟಗೆ ಹೋಗೋವಷ್ಟು ಇರ್ಲಿ."

ಅತ್ತೆ ಒಳಗಿನಿಂದ ದಿಂಬು ತಂದು ಅವಳ ಸೊಂಟಕ್ಕೆ ಕೊಟ್ಟರು. ದಿಂಬನ್ನು ಕೂಸಿನಂತೆ ಎತ್ತಿಕೊಂಡು, ಇನ್ನೊಂದು ಕೈಯನ್ನು ತಲೆಯ ಮೇಲಿನ ಇಲ್ಲದ ಹೊರೆಗೆ ಹಿಡಿದು ಅವಳು ನಿಂತಳು. ಗೌಂಡಿ ಎರಡೂ ಪಕ್ಕ ಇಟ್ಟಿಗೆಯ ಚೂರಿನಿಂದ ಗೀಟು ಎಳೆದ. ನಾನು ಟೇಪು ಹಿಡಿಯಲಿಲ್ಲ.

ಆ ಗೀಟಿನ ಮೇಲೇ ಒಡೆದು ಕಟ್ಟಿಸಿದೆವು. ಅಡ್ಡಗೋಡೆಯೂ ಹೋಯಿತು. ಮಾರನೆಯ ದಿನದಿಂದ ಹೆರಿಗೆಯ ಹಿಂದಿನ ದಿನದವರೆಗೆ ಅವಳು ಒಂದು ಮಧ್ಯಾಹ್ನವೂ ಊಟ ತಪ್ಪಿಸಲಿಲ್ಲ. ಅತ್ತೆ ಅವಳ ಜೊತೆ ಅಂಗನವಾಡಿಯವರೆಗೆ ಹೋಗಿ, ಅವಳು ಉಣ್ಣುವವರೆಗೆ ಅಲ್ಲೇ ಕೂತು ಹರಟೆ ಹೊಡೆದು ವಾಪಸು ಬರುತ್ತಿದ್ದರು. ನಡೆಯಲು ಒಂದು ಜಾಗ ಸಿಕ್ಕಿತ್ತು. ಕುರಿಯೂ ಬಂತು, ಮುಚ್ಚಿಡುವುದೇಕೆ. ಒಂದು ಟಗರು ಮೇಷ್ಟರ ದಾಸವಾಳದ ಗಿಡವನ್ನು ಬುಡದವರೆಗೆ ತಿಂದು ಹೋಯಿತು. ಹೋಗಿ ಕ್ಷಮೆ ಕೇಳಿ ಹೊಸ ಗಿಡ ನೆಟ್ಟುಕೊಟ್ಟೆ. ನಮ್ಮ ಮನೆಯವರ ಅಂಗಡಿ ಇನ್ನೂ ಇದ್ದಲ್ಲೇ ಇದೆ.

ಈಗಲೂ ಹೊಲಗಳು ಬಡಾವಣೆಯಾಗುತ್ತಿವೆ, ಈಗಲೂ ಜನ ನನ್ನ ಮೆಟ್ಟಿಲು ಹತ್ತುತ್ತಾರೆ. ಟೇಪು ಬಿಚ್ಚುವ ಮೊದಲು ನಾನು ಆ ಹೊಲದ ಬದುವಿನ ಮೇಲೆ ಒಂದಿಡೀ ದಿನ ಕೂರುತ್ತೇನೆ. ಯಾರು ಹಾದುಹೋಗುತ್ತಾರೆ, ಎಲ್ಲಿಗೆ, ಏನು ಹೊತ್ತು, ಎಂದು ನೋಡಿ ಅವರನ್ನೇ ಕೇಳುತ್ತೇನೆ. ಕೆಲವರು, "ಮೇಡಂಗೆ ತಲೆ ಕೆಟ್ಟಿದೆ" ಎಂದು ಬೇರೆಯವರ ಹತ್ತಿರ ಹೋಗುತ್ತಾರೆ. ಹೋಗಲಿ. ಪಾರ್ಕನ್ನು ತಗ್ಗಿನಲ್ಲಿ ಬಿಡುವುದನ್ನಂತೂ ನಿಲ್ಲಿಸಿದ್ದೇನೆ.

ಹೆರಿಗೆಯಾಗಿ ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ಹಿತ್ತಲಿನಲ್ಲಿ ಹಲ್ಲುಜ್ಜುತ್ತ ನಿಂತಿದ್ದೆ. ಬಯಲಿನಿಂದ ಅವಳು ಬರುತ್ತಿರುವುದು ಕಂಡಿತು. ತಲೆಯ ಮೇಲೆ ಸೊಪ್ಪಿನ ಹೊರೆ, ಬಗಲಲ್ಲಿ ಹೆಣ್ಣು ಕೂಸು. ಗುಂಡುಗುಂಡಗಿನ ಕೂಸು, ಒಂದು ಕಾಲು ಹೊರಗೆ ಚಾಚಿ ಆಡಿಸುತ್ತಿತ್ತು. ಸಂದು ಹತ್ತಿರ ಬಂದಾಗ ನಾನು ಹಲ್ಲುಜ್ಜುವುದನ್ನು ನಿಲ್ಲಿಸಿದೆ. ಅವಳು ಹೆಜ್ಜೆ ನಿಧಾನಿಸಲಿಲ್ಲ, ಓರೆಯಾಗಲೂ ಇಲ್ಲ, ನೆಟ್ಟಗೆ ನಡೆದು ಒಳಗೆ ಬಂದಳು. ಕೂಸಿನ ಕಾಲು ಗೋಡೆಗೆ ತಾಗಲಿಲ್ಲ.